ಹಿತ್ತಲ ಹೊಸ್ತಿಲ ಮೇಲಿನ ಊಟ

ನಮ್ಮ ಮನೆಯಲ್ಲಿ ನಾಯಿಗೆ ಹಾಕಲು ಏನೂ ಉಳಿಯುತ್ತಿರಲಿಲ್ಲ. ಬಡತನದಿಂದ ಅಲ್ಲ. ಅಪ್ಪ ಖಾನಾಪುರದ ಒಂದು ಹೆಂಚಿನ ಭಟ್ಟಿಯಲ್ಲಿ ಆಳುಗಳ ಮೇಲೆ ಮುಕಾದಮನಾಗಿದ್ದ. ಜೋಳಕ್ಕಾಗಲಿ ಅಕ್ಕಿಗಾಗಲಿ ನಾವು ಕೈ ಬಿಗಿ ಹಿಡಿದವರಲ್ಲ. ಆದರೆ ನಮ್ಮದು ಲಿಂಗಕ್ಕೆ ತೋರಿಸಿದ್ದನ್ನೇ ಪ್ರಸಾದವೆಂದು ಉಣ್ಣುವ ಮನೆ. ತಾಟಿನಲ್ಲಿ ಒಂದು ಅಗಳೂ ಬಿಡುವ ಹಾಗಿರಲಿಲ್ಲ. ಉಂಡಾದ ಮೇಲೆ ತಾಟಿಗೆ ನೀರು ಹಾಕಿ, ಬೆರಳಿನಿಂದ ಸುತ್ತ ತೊಳೆದು, ಆ ನೀರನ್ನೂ ಕುಡಿದು ಏಳಬೇಕು. ನಾನು ಮಾತು ಕಲಿಯುವ ಮೊದಲೇ ಇದನ್ನು ಕಲಿತಿರಬೇಕು, ಯಾರು ಕಲಿಸಿದರೆಂದು ನೆನಪಿಲ್ಲ. ಬಾಜೂ ಮನೆಯ ಸಖೂ ಮಾವಶಿ, ಅವಳು ಮರಾಠಿಯವಳು, ನಮ್ಮ ಹಿತ್ತಲನ್ನು ನೋಡಿ, ನಿಮ್ಮ ಮನಿಗೆ ಕಾಗಿ ಬಂದ್ರ ಉಪಾಸ ಹೋಗ್ತಾವ ಬಾಯಿ ಎಂದು ನಗುತ್ತಿದ್ದಳು. ಇಂಥ ಮನೆಗೆ ಅಪ್ಪ ಒಂದು ದಿನ ಭಟ್ಟಿಯಿಂದ ನಾಯಿಮರಿಯನ್ನು ಅಂಗಿಯ ಒಳಗೆ ಇಟ್ಟುಕೊಂಡು ಬಂದ. ಬೆಂಕಿ ಆರಿದ ಗೂಡಿನ ಬೆಚ್ಚನೆಯ ಮೂಲೆಯಲ್ಲಿ ತಾಯಿಯಿಲ್ಲದೆ ಮಲಗಿತ್ತಂತೆ. ಕಪ್ಪು ಮೈ, ಹಣೆಯ ಮೇಲೆ ಮಾತ್ರ ಅಡ್ಡಡ್ಡ ಬಿಳಿ ಗೆರೆ. ಆಗ ಇನ್ನೂ ಬದುಕಿದ್ದ ಆಯಿ, ಅಪ್ಪನ ಅವ್ವ, ಕಣ್ಣು ಕಿರಿದು ಮಾಡಿ ನೋಡಿ, ವಿಭೂತಿ ಹಚ್ಚಿಕೊಂಡೇ ಬಂದಾನಲ್ಲೋ ಈ ಶರಣ, ಅಂದಳು. ಅದೇ ಹೆಸರಾಯಿತು. ಬರಬರುತ್ತಾ ಎಲ್ಲರ ಬಾಯಲ್ಲಿ ಅವನು ಶರಣ್ಯಾ ಆದ.

ನಾಯಿ ಸಾಕಿದರೆ ಏನೇನು ಕಲಿಯಬಹುದೆಂದು ಈಗ ಜನ ಚೆಂದ ಚೆಂದದ ಮಾತು ಹೇಳುತ್ತಾರೆ. ನಿಷ್ಠೆ, ಪ್ರೀತಿ, ಇಂದಿನ ದಿನವನ್ನು ಇಂದೇ ಬದುಕುವುದು. ಇರಬಹುದು. ನಾನು ಕಲಿತದ್ದು ಬೇರೆ, ಅದನ್ನು ಚೆಂದ ಮಾಡಿ ಹೇಳಲು ನನಗೆ ಬರುವುದಿಲ್ಲ. ಆ ಮನೆಯಲ್ಲಿ ಯಾರು ಎಲ್ಲಿ ಕೂತು ಉಣ್ಣುತ್ತಿದ್ದರು ಎಂದು ಹೇಳಿದರೆ ಸಾಕಾಗಬಹುದು. ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಅಪ್ಪ. ಅವನ ಎದುರಿಗೆ ನಾನು. ದೇವರ ಕೋಣೆಯ ಬಾಗಿಲ ಬಳಿ ಮಣೆ ಹಾಕಿಕೊಂಡು ನೀಲವ್ವತ್ತೆ. ಅವಳು ಅಪ್ಪನ ಅಕ್ಕ, ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವಳು, ಆಯಿ ಹೋದ ಮೇಲೆ ಮನೆಯ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡವಳು. ಎಲ್ಲರದೂ ಆದ ಮೇಲೆ ಅಡುಗೆಮನೆಯ ಒಲೆಯ ಪಕ್ಕ ಅವ್ವ. ಹಿತ್ತಲ ಬಾಗಿಲ ಕಲ್ಲಿನ ಹೊಸ್ತಿಲ ಆಚೆ ಶರಣ್ಯಾ. ಅವನ ಪಾಲಿಗೆ ಕಡೆಯ ರೊಟ್ಟಿ. ಪರಾತದಲ್ಲಿ ಅಂಟಿ ಉಳಿದ ಹಿಟ್ಟನ್ನೆಲ್ಲ ಕೆರೆದು ಅವ್ವ ಒಂದು ಸಣ್ಣ ರೊಟ್ಟಿ ಬಡಿಯುತ್ತಿದ್ದಳು, ಅದನ್ನು ಮಜ್ಜಿಗೆಯಲ್ಲಿ ಮುರಿದು ಹೊಸ್ತಿಲ ಮೇಲಿನ ಮಣ್ಣಿನ ಬಟ್ಟಲಿಗೆ ಹಾಕುವುದು ನನ್ನ ಕೆಲಸ. ಆಯಿ ಇರುವತನಕ ಅವ್ವ ಬೇಕೆಂದೇ ಪರಾತದಲ್ಲಿ ಹಿಟ್ಟು ಹೆಚ್ಚು ಉಳಿಸುತ್ತಿದ್ದಳು. ಕಡೆಯ ರೊಟ್ಟಿ ಕೆಲವು ದಿನ ಅಪ್ಪನ ರೊಟ್ಟಿಗಿಂತ ದೊಡ್ಡದಾಗುತ್ತಿತ್ತು. ಆಯಿ ಕಂಡೂ ಕಾಣದವಳಂತೆ ಅತ್ತ ಮುಖ ತಿರುಗಿಸುತ್ತಿದ್ದಳು. ನೀಲವ್ವತ್ತೆಗೆ ಆ ಗುಣ ಇರಲಿಲ್ಲ. ಅವಳು ಕೆಟ್ಟವಳೆಂದು ನಾನು ಬರೆಯಲಾರೆ. ದಿನಕ್ಕೆ ಎರಡು ಹೊತ್ತು ತಪ್ಪದೆ ಲಿಂಗಪೂಜೆ ಮಾಡುವುದನ್ನು, ಅಂಗೈ ಮೇಲೆ ಕಣ್ಣಿಟ್ಟು ಅಲುಗದೆ ಕೂರುವುದನ್ನು ನನಗೆ ಕಲಿಸಿದವಳು ಅವಳೇ. ಇಂದಿಗೂ ಬೆಳಗಾವಿಯ ಈ ಮನೆಯಲ್ಲಿ ನಾನು ಪೂಜೆಗೆ ಕೂತಾಗ ನನ್ನ ಬೆನ್ನು ನೆಟ್ಟಗಿರುವುದು ಅವಳ ಕೃಪೆ. ಆದರೆ ಶುದ್ಧವಾಗಿರುವುದು ಅಂದರೆ ಬೇರೆಯವರನ್ನು ಶುದ್ಧ ಇಡುವುದು ಎಂದು ಅವಳು ತಿಳಿದಿದ್ದಳು.

ಆ ವರ್ಷ ಶ್ರಾವಣ ಹಿಡಿದ ದಿನ ಅತ್ತೆ ಒಂದು ಕಟ್ಟು ಮಾಡಿದಳು. ಮನೆಯವರು ಒಪ್ಪತ್ತು ಉಣ್ಣುವಾಗ ಮನೆಯ ನಾಯಿಯೂ ಒಪ್ಪತ್ತೇ.

"ಮೂಕ ಪ್ರಾಣಿ ಅಲ್ರಿ ಅಕ್ಕಾರ, ಅದಕ್ಕೇನ್ ತಿಳೀತೈತಿ ಶ್ರಾವಣ," ಅಂದಳು ಅವ್ವ.

"ಹಣಿ ಮ್ಯಾಲ ವಿಭೂತಿ ಹಚ್ಚಕೊಂಡು ಬಂದಾನಲ್ಲ, ತಿಳೀತೈತಿ ತಗೋ. ನಮ್ಮ ಮನಿ ಅಂಗಳದಾಗ ಇರಾವ ನಮ್ಮಂಗ ಇರಬೇಕು."

ಅಪ್ಪ ನಕ್ಕ. ನಾನೂ ನಕ್ಕೆ. ನನಗೆ ಆಗ ಹತ್ತೋ ಹನ್ನೊಂದೋ. ನಾಯಿ ಉಪವಾಸ ಮಾಡುವುದು ಮೋಜಿನ ಸಂಗತಿ ಅನಿಸಿತ್ತು, ಸಾಲೆಯಲ್ಲಿ ಹೋಗಿ ಹೇಳಿಯೂ ಬಂದೆ. ಎರಡು ವಾರಕ್ಕೆ ಮೋಜು ಮುಗಿಯಿತು. ನಾವು ಒಪ್ಪತ್ತಿನ ನಡುವೆ ಬಾಳೆಹಣ್ಣು, ಹಾಲು, ಸಾಬೂದಾಣಿ, ಶೇಂಗಾದ ಉಂಡೆ ತಿನ್ನುತ್ತಿದ್ದೆವು. ಅವನಿಗೆ ಆ ಒಂದು ರೊಟ್ಟಿ ಮಾತ್ರ. ಅವನ ಪಕ್ಕೆಯ ಎಲುಬುಗಳ ಮೇಲೆ ಬೆರಳಾಡಿಸಿದರೆ ಬುಟ್ಟಿಯ ಕಡ್ಡಿ ಮುಟ್ಟಿದಂತಾಗುತ್ತಿತ್ತು. ಬೀಸುವ ಕಲ್ಲಿನ ಸುತ್ತ ಬಿದ್ದ ಹಿಟ್ಟನ್ನು ನೆಕ್ಕುತ್ತಿದ್ದ. ಕೂದಲು ಉದುರಿ ಬಾಲದ ಬುಡ ಬೋಳಾಯಿತು. ಅಪ್ಪ ಅವನನ್ನು ಪಶು ಆಸ್ಪತ್ರೆಗೆ ಕರೆದುಕೊಂಡು ಹೊರಟಾಗ ನಾನೂ ಹೋದೆ. ಡಾಕ್ಟರು ಅವನ ತುಟಿ ಎತ್ತಿ ಒಸಡು ನೋಡಿ, ಹೊಟ್ಟೆ ಒತ್ತಿ, ಅಪ್ಪನ ಕಡೆ ತಿರುಗಿದರು.

"ಇದಕ್ಕ ರೋಗ ಇಲ್ರಿ, ಹಸಿವಿ ಐತಿ. ಬರೇ ರೊಟ್ಟಿ ಮ್ಯಾಲ ಇಟ್ಟೀರೇನು?"

"ನಮ್ಮ ಮನ್ಯಾಗ ಅದು ನಡಿಯೂದಿಲ್ರಿ ಸಾಹೇಬ್ರ..."

"ನೀವು ತಿನ್ನಬ್ಯಾಡ್ರಿ. ನಾಯಿಗೆ ಹಾಕ್ರಿ. ತತ್ತಿ ಹಾಕ್ರಿ, ಇಲ್ಲ ಎಲ್ಲ್ಯಾರ ಎಲುಬು ಸಿಕ್ರ ಹಾಕ್ರಿ. ಹಿಂಗ ಇಟ್ರ ಇದು ಈ ತಿಂಗಳ ದಾಟೂದಿಲ್ಲ."

ಅಪ್ಪ ಹೂಂ ಅಂದ. ಬರುವಾಗ ಮಲಪ್ರಭಾ ನದಿಯ ಸೇತುವೆಯ ಮೇಲೆ ನಿಂತ. ನದಿ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಅಪ್ಪ ನೀರು ನೋಡುತ್ತಲೇ ಮಾತಾಡಿದ.

"ಶೈಲೂ, ಮನ್ಯಾಗ ಜಂತಿನ ಗುಳಿಗಿ ಕೊಟ್ಟಾರ ಅಂತ ಹೇಳೂಣು. ನಿಮ್ಮ ಅತ್ತೀಗೆ ಸುಮ್ಮನ ತ್ರಾಸ ಯಾಕ?"

ಹಾಗೆಯೇ ಹೇಳಿದೆವು. ಅಪ್ಪ ಹೇಳಿದ, ನಾನು ತಲೆಯಾಡಿಸಿದೆ. ಹಸಿವಿಗೆ ಜಂತು ಎಂದು ಹೆಸರಿಟ್ಟ ಆ ಸಂಜೆಯೂ ಶರಣ್ಯಾ ಒಂದೇ ರೊಟ್ಟಿ ತಿಂದು, ಬಟ್ಟಲನ್ನು ಮೂಗಿನಿಂದ ತಳ್ಳುತ್ತ ತಳ್ಳುತ್ತ ಹೊಸ್ತಿಲಿನಿಂದ ಕೆಳಗೆ ಬೀಳಿಸಿ ಒಡೆದ. ಅವನು ತಂಟೆ ಮಾಡಿದ್ದು ಅದೊಂದೇ ಸಲ.

ಸಖೂ ಮಾವಶಿಯ ಬಳಿ ಹೋದವಳು ನಾನೇ. ಯಾರೂ ಕಳಿಸಲಿಲ್ಲ. ಅವರ ಮನೆಯಲ್ಲಿಯೂ ಶ್ರಾವಣ ಹಿಡಿಯುತ್ತಿದ್ದರು, ಆದರೆ ಅವಳ ಮೈದುನನ ಮನೆಯಲ್ಲಿ ಹಿಡಿಯುತ್ತಿರಲಿಲ್ಲ. ನಾನು ಡಾಕ್ಟರು ಅಂದದ್ದನ್ನು ಹೇಳಿದಾಗ ಅವಳು ನಗಲಿಲ್ಲ. ಮರುದಿನ ಮಧ್ಯಾಹ್ನ ಮುತ್ತಲ ಎಲೆಯಲ್ಲಿ ಕಟ್ಟಿದ ಒಂದು ಗಂಟನ್ನು ನನ್ನ ಕೈಗೆ ಕೊಟ್ಟಳು.

"ಘೇ ಪೋರೀ, ತಗೋ. ನೀವು ತಿನ್ನೂದಿಲ್ಲ, ಖರೇ. ನಾಯಿ ತಿನ್ನಬಾರದಂತ ಎಲ್ಲಿ ಬರದೈತಿ? ಕೈ ತೊಳ್ಕೊ ಮತ್ತ, ಹಾಂ."

ನಮ್ಮ ಮನೆಗೂ ಅವರ ಮನೆಗೂ ನಡುವೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆ ನಾನು ನಡೆದದ್ದು ಇನ್ನೂ ಕಾಲಲ್ಲಿದೆ. ಎಲೆಯ ಗಂಟು ಬೆಚ್ಚಗಿತ್ತು. ಕೊರಳಲ್ಲಿ ಲಿಂಗ ಇತ್ತು. ಅದನ್ನು ಬೆನ್ನ ಕಡೆ ಸರಿಸಿಕೊಂಡೆ, ಶಿವನಿಗೆ ಬೆನ್ನಿನಿಂದ ಕಾಣುವುದಿಲ್ಲ ಎಂಬಂತೆ. ಶರಣ್ಯಾ ಮೊದಲು ಮೂಸಿ ಹಿಂದೆ ಸರಿದ. ಅದು ತನ್ನದೆಂದು ಅವನಿಗೆ ಗೊತ್ತಿರಲಿಲ್ಲ. ಆಮೇಲೆ ತಿಂದ, ನನ್ನನ್ನು ಕಣ್ಣ ಕೊನೆಯಿಂದ ನೋಡುತ್ತಲೇ ತಿಂದ, ಕಸಿದುಕೊಂಡಾರು ಎಂಬ ಹಾಗೆ. ನಾಲ್ಕೈದು ದಿನ ಹೀಗೆ ನಡೆಯಿತು. ಅವನ ಕಣ್ಣಿಗೆ ಹೊಳಪು ಬಂತು. ಜಂತಿನ ಗುಳಿಗಿ ನಾಟಿತು ನೋಡು, ಅಂದಳು ಅತ್ತೆ. ಅಪ್ಪ ನನ್ನ ಕಡೆ ನೋಡಿ, ಬೇಗನೆ ಬೇರೆ ಕಡೆ ನೋಡಿದ. ಅವನಿಗೆ ಆಗಲೇ ತಿಳಿದಿತ್ತು.

ಹುಟ್ಟಿದಾಗಿನಿಂದ ಯಾವ ಹೊತ್ತೂ ಏನನ್ನೂ ಉಳಿಸದ ನಾಯಿ ಅವನು. ಉಳಿಸಲು ಇದ್ದರೆ ತಾನೆ. ಈಗ ಮೊದಲ ಸಲ ಹೊಟ್ಟೆ ತುಂಬಿ ಒಂದು ಎಲುಬು ಹೆಚ್ಚಾಯಿತು. ಅದನ್ನು ನಾಳೆಗೆಂದು ಹೂತಿಟ್ಟ. ಹಿತ್ತಲಲ್ಲಿ ಮಣ್ಣು ಮೆತ್ತಗಿದ್ದದ್ದು ಒಂದೇ ಕಡೆ: ಅತ್ತೆ ದಿನಾ ನೀರು ಹಾಕಿ, ಕೆದಕಿ, ಮಗುವಿನ ಹಾಗೆ ಬೆಳೆಸಿದ ಬಿಲ್ವದ ಗಿಡದ ಬುಡ. ಶ್ರಾವಣ ಸೋಮವಾರ ಬೆಳಿಗ್ಗೆ ಪತ್ರೆ ಹರಿಯಲು ಹೋದ ಅತ್ತೆಯ ಕಾಲಿಗೆ ಅದು ತಾಗಿತು.

"ಈರಪ್ಪಾ! ಹೊರಗ ಬಾ! ಎಲ್ಲಾರೂ ಹೊರಗ ಬರ್ರಿ!"

ಅಪ್ಪ ಪೂಜೆಯ ಮಡಿಯಲ್ಲೇ ಬಂದ. ಅವ್ವ ಕೈಗೆ ಹಿಟ್ಟು ಮೆತ್ತಿಕೊಂಡು ಬಂದಳು. ಎಲ್ಲರೂ ಬಂದ ಮೇಲೆ ಅತ್ತೆ ಕೂಗಾಡಲಿಲ್ಲ, ಅದಕ್ಕೇ ಹೆಚ್ಚು ಭಯವಾಯಿತು. ಪತ್ರೆಯ ಬುಟ್ಟಿಯನ್ನು ನೆಲಕ್ಕೆ ಇಟ್ಟಳು. ಅವ್ವನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿತ್ತು, ಅದು ಸುಳ್ಳಲ್ಲ.

"ಗಂಗಾ, ಇದು ನಿನ್ನ ಕೆಲಸ."

"ಅಯ್ಯ ಶಿವನ, ನಾ ಅಲ್ರಿ ಅಕ್ಕಾರ."

"ಮತ್ತ ಎಲುಬಿಗೆ ಕಾಲು ಬಂದು ನಡಕೋತ ಬಂತೇನು? ಪರಾತದಾಗ ಹಿಟ್ಟು ಉಳಸಾಕಿ ನೀನ. ನಾಯಿ ಸಲುವಾಗಿ ವಾದ ಹಾಕಾಕಿ ನೀನ. ನಿನ್ನ ತವರಮನಿ ಘಟ್ಟದ ಅಂಚಿನ್ಯಾಗ, ಅಲ್ಲಿ ಏನ್ ನಡೀತೈತಿ ಏನ್ ಬಿಡ್ತೈತಿ ಯಾರಿಗ್ ಗೊತ್ತು!"

"ಲಿಂಗದಾಣಿ, ನಾ ಅಲ್ಲ," ಅಂದಳು ಅವ್ವ. ಅವಳು ಅಪ್ಪನನ್ನು ನೋಡಿದಳು. ಅಪ್ಪ ನನ್ನನ್ನು ನೋಡಿದ. ನಾನು ಶರಣ್ಯಾನನ್ನು ನೋಡಿದೆ. ಅವನು ತನ್ನ ಎಲುಬು ಸಿಕ್ಕಿತೆಂದು ಬಾಲ ಅಲ್ಲಾಡಿಸುತ್ತಿದ್ದ. ನಾನು ಬಾಯಿ ಬಿಟ್ಟರೆ ಲಿಂಗ ಬೆನ್ನಿಗೆ ಸರಿಸಿಕೊಂಡದ್ದೂ ಹೊರಬರುತ್ತದೆ ಎಂದು ಹೆದರಿದೆ. ಅಪ್ಪ ಬಾಯಿ ಬಿಟ್ಟರೆ ಡಾಕ್ಟರ ಮಾತು ಹೊರಬರುತ್ತಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ. ಅಪ್ಪ ಕಡೆಗೆ ಆಡಿದ್ದು ಇದು:

"ಆಗಿದ್ದು ಆತು. ಗಂಗಾ, ಶ್ರಾವಣ ಮುಗಿಯೂ ಮಟಾ ನೀ ಅಡಗಿಮನಿಗೆ ಹೋಗಬ್ಯಾಡ. ಹಲಸಿ ಊರ ಕಡೆ ಹೆಂಚಿನ ಗಾಡಿ ಹೊಂಟೈತಿ, ನಾಯೀನ ಅದರಾಗ ಒಯ್ದು ಬಿಟ್ಟು ಬರಾಕ ಹೇಳ್ತೀನಿ."

ಶರಣ್ಯಾ ಗಾಡಿ ಏರುವುದನ್ನು ನಾನು ನೋಡಲಿಲ್ಲ, ಸಾಲೆಗೆ ಹೋಗಿದ್ದೆ. ಬಂದಾಗ ಹಿತ್ತಲು ತೊಳೆದಿತ್ತು, ಗೋಮೂತ್ರದ ವಾಸನೆ ಬರುತ್ತಿತ್ತು. ಅವ್ವ ಹಿತ್ತಲ ಕಟ್ಟೆಯ ಮೇಲೆ ಕೂತು ಪಾತ್ರೆ ತಿಕ್ಕುತ್ತಿದ್ದಳು. ಅತ್ತೆ ಒಳಗಿನಿಂದ ಅವಳ ತಾಟನ್ನು ತಂದು ಹಿತ್ತಲ ಬಾಗಿಲ ಹೊಸ್ತಿಲ ಮೇಲೆ ಇಟ್ಟಳು. ಬೇಕೆಂದೇ ಅಲ್ಲಿ ಇಟ್ಟಳೋ, ಬೇರೆ ಜಾಗ ಇರಲಿಲ್ಲವೋ, ನನಗೆ ಗೊತ್ತಿಲ್ಲ. ಶರಣ್ಯಾ ಒಡೆದ ಬಟ್ಟಲು ಮೊದಲು ಇರುತ್ತಿದ್ದಲ್ಲಿ ಕಲ್ಲು ಸವೆದು ಆದ ಗುರುತಿನ ಮೇಲೆಯೇ ತಾಟು ಕೂತಿತು. ಅವ್ವ ಕೈ ತೊಳೆದುಕೊಂಡು ಬಂದು ಲಿಂಗಕ್ಕೆ ತೋರಿಸಿ ಉಂಡಳು. ಒಂದು ಅಗಳೂ ಬಿಡಲಿಲ್ಲ. ನಾನು ಒಳಗೆ, ಅಪ್ಪನ ಎದುರಿಗೆ ಕೂತು, ತುಪ್ಪ ಹಾಕಿದ ಅನ್ನ ಉಂಡೆ. ಶ್ರಾವಣ ಮುಗಿಯಿತು. ಜಂಗಮರು ಬಂದು ಪಾದಪೂಜೆ ಆಗಲಿ, ಆಮೇಲೆ ನೋಡೋಣ ಅಂದಳು ಅತ್ತೆ. ಜಂಗಮರು ಬರುವುದು ತಡವಾಯಿತು. ಗಣಪತಿ ಬಂದು ಹೋದ, ದಸರೆ ಬಂತು. ಹೋಳಿಗೆಯನ್ನೂ ಅವ್ವ ಹೊಸ್ತಿಲ ಮೇಲೆಯೇ ಉಂಡಳು. ಪ್ರತಿ ದಿನ ನಾಳೆ ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ಪ್ರತಿ ದಿನ ಅಪ್ಪನೂ ಹಾಗೆ ಅಂದುಕೊಂಡಿರಬಹುದೆಂದು ಆಗ ನಂಬಿದ್ದೆ. ಅವ್ವ ನನ್ನ ತಲೆ ಬಾಚುವಾಗ ಎಂದಿನ ಹಾಗೆಯೇ ಬಾಚುತ್ತಿದ್ದಳು, ಸಿಟ್ಟಿನಿಂದ ಜಡೆ ಎಳೆಯುತ್ತಿರಲಿಲ್ಲ. ಅದನ್ನು ತಡೆದುಕೊಳ್ಳುವುದು ಕಷ್ಟವಾಗಿತ್ತು.

ದೀಪಾವಳಿ ಕಳೆದ ಮೇಲೆ ಹಲಸಿಯಲ್ಲಿ ಅವ್ವನ ಕಡೆಯವರ ಒಂದು ತೊಟ್ಟಿಲ ಕಾರ್ಯ ಬಂತು. ಅವ್ವ, ನಾನು ಇಬ್ಬರೇ ಬಸ್ಸಿನಲ್ಲಿ ಹೋದೆವು. ಊಟವಾದ ಮೇಲೆ ಹಳೆಯ ಕಲ್ಲಿನ ಗುಡಿಗೆ ಕೈ ಮುಗಿದು ಬರೋಣ ಎಂದು ಹೊರಟಾಗ, ಗುಡಿಯ ಎದುರಿನ ಚಹಾದಂಗಡಿಯ ಬೆಂಚಿನ ಕೆಳಗಿನಿಂದ ಶರಣ್ಯಾ ಎದ್ದು ಬಂದ. ಮೈ ಎಣ್ಣೆ ಸವರಿದ ಹಾಗೆ ಮಿರಿಮಿರಿ. ಹೊಟ್ಟೆ ಗುಂಡಗೆ. ಮೊದಲು ಅವ್ವನ ಪಾದ ನೆಕ್ಕಿದ, ಆಮೇಲೆ ನನ್ನ ಮುಖ, ಕೈ, ಕಿವಿ. ಅವನ ನಾಲಗೆಯಲ್ಲಿ ಸಿಟ್ಟು ಒಂದು ಚೂರೂ ಇರಲಿಲ್ಲ.

"ನಿಮ್ಮದೇನ್ರಿ ನಾಯಿ?" ಅಂದ ಅಂಗಡಿಯವ. "ಬಂದಾಗ ಬರೇ ಎಲುಬಿನ ಹಂದರ ಇತ್ತು. ಈಗ ನೋಡ್ರಿ, ನನಗಿಂತ ದಪ್ಪ ಆಗೇತಿ. ಬೇಕಾದ್ರ ಕರಕೊಂಡು ಹೋಗ್ರಿ, ನಾ ಏನ್ ಹಿಡಿಯೂದಿಲ್ಲ."

ನಾನು ಕರೆದೆ. ಬಸ್ಸಿನ ಬಳಿಯವರೆಗೂ ಬಂದ. ಬಾಗಿಲ ಹತ್ತಿರ ಕೂತ, ಬಾಲ ಆಡಿಸಿದ. ನಾವು ಹತ್ತಿದೆವು. ಬಸ್ಸು ಹೊರಟಿತು. ಅವನು ಹಿಂದೆ ಓಡಿ ಬರುತ್ತಾನೆ ಎಂದು ಕಿಟಕಿಯಿಂದ ಕತ್ತು ಚಾಚಿದೆ. ಅವನು ಎದ್ದು ಮೈ ಕೊಡವಿ, ಬೆಂಚಿನ ಕೆಳಗೆ ಹೋಗಿ ಮಲಗಿದ.

"ಭಾಳ ಶ್ಯಾಣ್ಯಾ ಅದಾನ," ಎಂದು ಅವ್ವ ನಕ್ಕಳು. ತಿಂಗಳುಗಟ್ಟಲೆ ಆದ ಮೇಲೆ ಅವಳು ನಕ್ಕದ್ದು.

ನಾನು ಅಳಲು ಶುರುಮಾಡಿದೆ. ಅಳುತ್ತಲೇ ಎಲ್ಲ ಹೇಳಿದೆ. ಡಾಕ್ಟರು, ಸೇತುವೆ, ಮುತ್ತಲ ಎಲೆ, ಬೆನ್ನಿಗೆ ಸರಿಸಿದ ಲಿಂಗ. ಅವ್ವ ಕೇಳುತ್ತ ಹೋದಳು. ನನ್ನನ್ನು ತಬ್ಬಿಕೊಳ್ಳಲಿಲ್ಲ, ದೂರವೂ ಸರಿಸಲಿಲ್ಲ. ಖಾನಾಪುರದ ಸ್ಟ್ಯಾಂಡು ಕಂಡಾಗ ಅಂದಳು:

"ಇದನ್ನ ನನಗ ಯಾಕ ಹೇಳ್ತಿ? ನಾ ಮಾಡಿಲ್ಲಂತ ನನಗ ಗೊತ್ತೈತಿ. ಗೊತ್ತಿಲ್ಲದವರಿಗೆ ಹೇಳು."

ಮನೆ ಮುಟ್ಟಿದಾಗ ಅತ್ತೆ ದೀಪ ಹಚ್ಚುತ್ತಿದ್ದಳು. ಅಪ್ಪ ಭಟ್ಟಿಯಿಂದ ಬಂದು ಕಾಲು ತೊಳೆಯುತ್ತಿದ್ದ. ನಾನು ಪಡಸಾಲೆಯ ನಡುವೆ ನಿಂತು, ಸಾಲೆಯಲ್ಲಿ ಪಾಠ ಒಪ್ಪಿಸುವವಳ ಹಾಗೆ ಒಂದೇ ಉಸಿರಿಗೆ ಹೇಳಿದೆ.

"ಅತ್ತೀ, ಎಲುಬು ನಾ ಹಾಕಿದ್ದು. ಅವ್ವ ಅಲ್ಲ."

ಅತ್ತೆ ತಿರುಗಿಯೂ ನೋಡಲಿಲ್ಲ. ಬತ್ತಿ ಸರಿ ಮಾಡಿದಳು. "ಹಲಸಿಗೆ ಹೋಗೂದ್ರಾಗ ಪಾಠ ಆಗೈತಿ. ಕೂಸಿನ ಬಾಯಾಗ ಇಟ್ಟು ಆಡಸಾಕ ನಾಚಿಕಿ ಬರೂದಿಲ್ಲ ಕೆಲವರಿಗೆ."

"ಇಲ್ಲ ಅತ್ತೀ! ಡಾಕ್ಟ್ರ ಹೇಳಿದ್ರು, ಎಲುಬು ಹಾಕ್ರಿ ಇಲ್ಲಂದ್ರ ಸಾಯ್ತೈತಿ ಅಂತ. ಅಪ್ಪಾ ಇದ್ದ. ಅಪ್ಪಾ, ಹೇಳು."

ಅಪ್ಪ ಟವೆಲಿನಿಂದ ಕಾಲು ಒರೆಸಿಕೊಂಡ. ಒಂದೊಂದೇ ಬೆರಳಿನ ಸಂದಿ ಒರೆಸಿಕೊಂಡ.

"ಡಾಕ್ಟ್ರು ಜಂತಿನ ಗುಳಿಗಿ ಕೊಟ್ಟಿದ್ರು," ಅಂದ.

ಆ ಕ್ಷಣ ನಾನು ದೊಡ್ಡವಳಾದೆ ಎಂದು ಬರೆದರೆ ಅದು ಚೆಂದದ ಮಾತಾದೀತು. ಹಾಗೇನೂ ಆಗಲಿಲ್ಲ. ಅಪ್ಪನ ಕಾಲನ್ನೇ ನೋಡುತ್ತ ನಿಂತೆ, ಅಷ್ಟೇ. ಅವ್ವ ಹಿತ್ತಲ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದಳು. ಅವಳು ಚೊಂಬಿನಿಂದ ನೀರು ಹಾಕಿ ಕಾಲು ತೊಳೆದುಕೊಂಡಳು, ಹೊಸ್ತಿಲು ದಾಟಿದಳು, ಅತ್ತೆಯ ಮುಂದೆಯೇ ಹಾದು ಅಡುಗೆಮನೆಯೊಳಗೆ ಹೋದಳು.

"ಗಂಗಾ!"

"ಒಲಿ ಆರೈತ್ರಿ ಅಕ್ಕಾರ," ಅಂದಳು ಅವ್ವ ಒಳಗಿನಿಂದ. ಊದುಗೊಳವೆಯ ಸದ್ದು ಕೇಳಿಸಿತು.

ಅಂದಿನಿಂದ ಸಾಯುವವರೆಗೂ ಅತ್ತೆ ಅವ್ವನ ಕೈಯಡುಗೆ ಉಣ್ಣಲಿಲ್ಲ. ದೇವರ ಕೋಣೆಯ ಮೂಲೆಯಲ್ಲಿ ಒಂದು ಸಣ್ಣ ಒಲೆ ಹೂಡಿಕೊಂಡಳು. ಒಂದೇ ಮನೆಯಲ್ಲಿ ಎರಡು ಹೊಗೆ. ಅಪ್ಪ ಎರಡೂ ಒಲೆಯದ್ದನ್ನು ಉಂಡ, ಎರಡನ್ನೂ ಹೊಗಳಿದ. ನಾನು ಆ ಮನೆಯಿಂದ ತಂದುಕೊಂಡದ್ದು ಇಷ್ಟು: ನೋಡಿದ್ದನ್ನು ನೋಡಿದ ದಿನವೇ ಹೇಳುವುದು. ತಡವಾದ ನಿಜವನ್ನು ಯಾರೂ ನಿಜ ಎನ್ನುವುದಿಲ್ಲ. ಇದರಿಂದ ನನ್ನ ಬಾಯಿ ಹರಿತ ಎಂಬ ಹೆಸರು ಬಂದಿದೆ. ಉದ್ಯಮಬಾಗದ ಫೌಂಡ್ರಿಯಲ್ಲಿ ದುಡಿದು ನಿವೃತ್ತರಾದ ನನ್ನ ಯಜಮಾನರು ಈ ಬಾಯಿಯನ್ನು ನಲವತ್ತು ವರ್ಷ ತಾಳಿಕೊಂಡಿದ್ದಾರೆ, ಅದು ಶಿವನು ನನಗೆ ಮಾಡಿದ ಸಣ್ಣ ಕರುಣೆಗಳಲ್ಲಿ ಒಂದು. ಶರಣ್ಯಾ ಹಸಿವಿನಿಂದ ಸಾಯಲಿಲ್ಲ, ಅದು ಇನ್ನೊಂದು. ನಮ್ಮ ಮನೆಯಲ್ಲಿದ್ದರೆ ಸಾಯುತ್ತಿದ್ದ ಎಂಬುದನ್ನೂ ಅದರ ಜೊತೆಗೆ ಎಣಿಸಬೇಕಾಗುತ್ತದೆ. ಅವ್ವ ಮತ್ತೆ ಒಲೆಯ ಮುಂದೆ ಕೂತಳು, ಅದು ಮೂರನೆಯದು. ಮೂರರ ಮುಂದೆ ಎಣಿಕೆ ಹೋಗುವುದಿಲ್ಲ.

ಅಪ್ಪನ ಕಡೆಯ ದಿನಗಳು ಬೆಳಗಾವಿಯ ನಮ್ಮ ಮನೆಯಲ್ಲಿ ಕಳೆದವು. ಅವ್ವ ಜೊತೆಗಿದ್ದಳು. ಒಂದು ಮಧ್ಯಾಹ್ನ ಅವನು ದಿಂಬಿಗೆ ಒರಗಿ ಕೂತಿದ್ದ, ಮಾತು ಸ್ಪಷ್ಟವಾಗಿತ್ತು, ಮಂದಿಯ ಗುರುತೂ ಇತ್ತು. ಇನ್ನು ತಡ ಮಾಡಬಾರದು ಎಂದು ಕೇಳಿದೆ.

"ಅಪ್ಪಾ, ಅವತ್ತ ಅವ್ವನ ಮುಂದ ಯಾಕ ಸುಳ್ಳ ಹೇಳ್ದಿ?"

ಅವನು ನನ್ನನ್ನು ನೋಡಿದ. ಮರೆತವನ ಕಣ್ಣಲ್ಲ ಅದು. ನಿಜವಾಗಿ ನೆನಪು ಮಾಡಿಕೊಳ್ಳುತ್ತಿದ್ದ, ಅಂಥ ದಿನಗಳನ್ನು ಒಂದರ ಹಿಂದೆ ಒಂದು ಸರಿಸಿ ನೋಡುತ್ತಿದ್ದ.

"ಯಾವತ್ತ?" ಅಂದ.

ನಾನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಅಡುಗೆಮನೆಯಿಂದ ಗಂಜಿಯ ಬಟ್ಟಲು ತಂದು ನನ್ನ ಕೈಗಿಟ್ಟಳು. "ಆರಿ ಹೊಂಟೈತಿ, ಮೊದಲ ಕುಡಸು," ಅಂದಳು. ಅವಳು ಅವನ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ನಾನು ಹಾಸಿಗೆಯ ಅಂಚಿಗೆ ಕೂತು, ಒಂದೊಂದೇ ಚಮಚ, ತಳ ಕಾಣುವವರೆಗೆ ಕುಡಿಸಿದೆ.